ಐದನೇ ವಾರ್ಡಿನವಳು ಹಾಸ್ಟೆಲಿಗೆ ಹೊರಟದ್ದು

ಓದಿನಲ್ಲಿ ನಾನು ನಮ್ಮಮ್ಮನಿಗಿಂತ ಒಂದು ವರ್ಷ ಸೀನಿಯರ್. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಮೊದಲಿನಿಂದ ಹೇಳಿಬಿಡುತ್ತೇನೆ. ನಾನು ನಮ್ಮೂರಿನ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಕಾಲಿಟ್ಟ ತಿಂಗಳಲ್ಲೇ, ನಲವತ್ತೆರಡು ವರ್ಷದ ನನ್ನಮ್ಮನಿಗೆ ಮಹಾನಗರದ ನರ್ಸಿಂಗ್ ಕಾಲೇಜಿನಲ್ಲಿ ಮೊದಲನೇ ವರ್ಷಕ್ಕೆ ಸೀಟು ಸಿಕ್ಕಿತು. ಜೊತೆಗೆ ಅಲ್ಲಿನ ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ಒಂದು ಮಂಚ, ಒಂದು ಮೇಜು, ಅರ್ಧ ಬೀರು.

ಅಮ್ಮ ಆಸ್ಪತ್ರೆಯಲ್ಲಿ ಆಯಾ. ಹತ್ತೊಂಬತ್ತು ವರ್ಷ ಒಂದೇ ವಾರ್ಡಿನಲ್ಲಿ ದುಡಿದು ದುಡಿದು ಅವಳ ಹೆಸರೇ ಅಳಿಸಿಹೋಗಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲಿನವನವರೆಗೆ ಎಲ್ಲರಿಗೂ ಅವಳು ‘ಐದನೇ ವಾರ್ಡು’. ಹಳಬರಲ್ಲಿ ಪರೀಕ್ಷೆ ಪಾಸಾದ ಒಬ್ಬರನ್ನು ವರ್ಷಕ್ಕೊಮ್ಮೆ ನರ್ಸಿಂಗ್ ಓದಲು ಕಳಿಸುವ ಪದ್ಧತಿ ಆ ಆಸ್ಪತ್ರೆಯಲ್ಲಿತ್ತು. ಅಮ್ಮ ಎರಡು ಸಲ ಬರೆದು ಎರಡು ಸಲವೂ ಡುಮ್ಕಿ ಹೊಡೆದಿದ್ದಳು. ಮೂರನೇ ಸಲ ನನ್ನ ಹಳೆಯ ವಿಜ್ಞಾನದ ಪುಸ್ತಕಗಳನ್ನು ಟೀ ಡಬ್ಬಿಗೆ ಒರಗಿಸಿಟ್ಟುಕೊಂಡು, ಒಲೆಯ ಮುಂದೆ ನಿಂತೇ ಓದಿದಳು. ರಕ್ತ ಪರಿಚಲನೆಯ ಪಾಠದ ಮೇಲೆ ಇವತ್ತಿಗೂ ಎಣ್ಣೆಯ ಕಲೆ ಇದೆ.

ಪಾಸಾದ ದಿನ ಮನೆಗೆ ಬಂದು ಚಪ್ಪಲಿ ಬಿಟ್ಟಳು, ಕೈ ತೊಳೆದಳು, ಒರೆಸಿಕೊಂಡಳು. ಆಮೇಲೆ “ಬಂತು” ಎಂದಳು. ಏನು ಬಂತು ಎಂದು ಅಪ್ಪ ಕೇಳುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಾಲೇಜಿನಿಂದ ಬಂದ ಕಾಗದದಲ್ಲಿ ಒಂದು ಸಾಲಿನ ಕೆಳಗೆ ದಪ್ಪ ಗೆರೆ ಇತ್ತು. ಭಾನುವಾರ ಸಂಜೆ ಐದರೊಳಗೆ ಹಾಸ್ಟೆಲಿಗೆ ಬಂದು ಸೇರದಿದ್ದರೆ ಸೀಟು ಕಾಯುವವರ ಪಟ್ಟಿಯಲ್ಲಿದ್ದವರಿಗೆ ಹೋಗುತ್ತದೆ. ಆ ಹೊತ್ತಿಗೆ ಮುಟ್ಟಿಸುವ ರೈಲು ಒಂದೇ, ಬೆಳಿಗ್ಗೆ ಒಂಬತ್ತು ಹತ್ತರದ್ದು. ಇನ್ನೊಂದು ಸಲ ಪರೀಕ್ಷೆ ಬರೆಯೋಣವೆಂದರೆ ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಅಂದರೆ ಆ ರೈಲು ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಪೋಷಕರ ಸಹಿಯ ಕಾಲಂ ನೋಡಿ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ವಿದ್ಯಾರ್ಥಿನಿ ಎಂಟು ಗಂಟೆಯೊಳಗೆ ಹಾಸ್ಟೆಲಿಗೆ ವಾಪಸಾಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದ್ದರು. ಅಪ್ಪ ಪೆನ್ನು ತೆಗೆದುಕೊಳ್ಳುವ ಮೊದಲೇ ಅಜ್ಜ, ಎಂದರೆ ಅಪ್ಪನ ಅಪ್ಪ, ಕಾಗದ ಎಳೆದುಕೊಂಡು ಸಹಿ ಮಾಡಿದ. ಸಂಬಂಧ ಎಂಬಲ್ಲಿ ‘ಮಾವ’ ಎಂದು ದುಂಡಗೆ ಬರೆದ.

“ಏಳೂವರೆಗೇ ಒಳಗಿರ್ಬೇಕು,” ಎಂದ. “ಸಹಿ ಹಾಕಿದೋನು ನಾನು.”

ಅಮ್ಮ ತಲೆ ಬಗ್ಗಿಸಿ “ಆಯ್ತು ಮಾವ” ಎಂದಳು. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು.

ಸಾಮಾನು ಕಟ್ಟುವ ಕೆಲಸ ಹತ್ತು ದಿನ ನಡೆಯಿತು. ಹಾಸ್ಟೆಲಿನವರು ಕೊಟ್ಟ ಪಟ್ಟಿಯಲ್ಲಿ ಎರಡು ಹಾಸು, ಒಂದು ಹೊದಿಕೆ, ಬಕೆಟ್ಟು, ಮಗ್ಗು, ಬೀಗ, ಟೇಬಲ್ ಲ್ಯಾಂಪು ಇತ್ಯಾದಿ ಇದ್ದವು. ಅಮ್ಮ ಹಾಸುಗಳನ್ನು ಮಡಿಸಿದ ರೀತಿಗೆ ಒಂದು ಕೂದಲೂ ಒಳಗೆ ನುಸುಳುವಂತಿರಲಿಲ್ಲ. ನೋಟ್‌ಬುಕ್ಕುಗಳಿಗೆಲ್ಲ ಕಂದು ಕಾಗದದ ಹೊದಿಕೆ ಹಾಕಿ, ಲೇಬಲ್ ಅಂಟಿಸಿ, ‘ಪ್ರಥಮ ವರ್ಷ’ ಎಂದು ಬರೆದಳು. ನಾನು, ಕಾಲೇಜಿನಲ್ಲಿ ಯಾರೂ ಹೀಗೆ ಹೊದಿಕೆ ಹಾಕೋದಿಲ್ಲ, ಮಾನ ಹೋಗತ್ತೆ ಎಂದೆ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಾಲ್ಕು ಬಣ್ಣದ ಪೆನ್ನು ಕೊಂಡು ತಂದು, ನಾಲ್ಕನ್ನೂ ದಿನಕ್ಕೊಮ್ಮೆ ತೆಗೆದು ಗೀಚಿ ನೋಡಿ ಮತ್ತೆ ಮುಚ್ಚಿಡುತ್ತಿದ್ದಳು. ಹೊಸ ಬಿಳಿ ಶೂ ಕಚ್ಚಬಾರದೆಂದು ವಾರವಿಡೀ ಮನೆಯೊಳಗೇ ಹಾಕಿಕೊಂಡು ಓಡಾಡಿದಳು. ಶೂ ಹಾಕಿಕೊಂಡೇ ಪಾತ್ರೆ ತೊಳೆಯುವವಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಪ್ಪನದು ಲಿಫ್ಟ್ ರಿಪೇರಿಯ ಕೆಲಸ. ಅವನ ಪ್ರೀತಿಯೆಲ್ಲ ಸಾಮಾನಿನ ರೂಪದಲ್ಲೇ ಬರುತ್ತದೆ. ಅವಳು ಆಚೆ ಹೋದಾಗಲೆಲ್ಲ ಸೂಟ್‌ಕೇಸಿನೊಳಗೆ ಒಂದೊಂದು ತುರುಕುತ್ತಿದ್ದ: ಟೆಸ್ಟರು, ಕರೆಂಟಿನ ಟೇಪು, ನಾಲ್ಕು ಮಾರು ಹಗ್ಗ. ಅವಳು ಬಂದು ತೆಗೆದಿಡುತ್ತಿದ್ದಳು. ಹಗ್ಗ ಯಾತಕ್ಕೆ ಎಂದು ಕೇಳಿದರೆ ಬೇಕಾಗತ್ತೆ ಎನ್ನುತ್ತಿದ್ದ, ಅದಕ್ಕಿಂತ ಹೆಚ್ಚಿನ ವಿವರಣೆ ಅವನಲ್ಲೂ ಇರಲಿಲ್ಲ. ಹಾಸ್ಟೆಲಿನ ಲಿಫ್ಟು ಬಾಗಿಲು ಹಾಕಿಕೊಳ್ಳುವಾಗ ಸದ್ದು ಮಾಡುತ್ತದೆಯೇ ಎಂದು ಮಾತ್ರ ಮೊದಲ ದಿನವೇ ಗಮನಿಸಿ ಹೇಳಬೇಕೆಂದು ಕಟ್ಟಪ್ಪಣೆ ಮಾಡಿದ್ದ.

ನಾನು ಸೀನಿಯರ್ ಆದ್ದರಿಂದ ಬುದ್ಧಿ ಹೇಳುವ ಭಾರ ನನ್ನದಾಯಿತು. ರೂಮಿನ ಹುಡುಗಿಯರಿಗೆ ಹಲ್ಲುಜ್ಜಿದ್ರಾ ಅಂತ ಕೇಳಬೇಡ, ಅವರ ಹಾಸಿಗೆ ನೀನು ಹಾಸಬೇಡ, ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತರೆ ಸ್ನೇಹಿತರು ಸಿಗುವುದಿಲ್ಲ ಎಂದೆಲ್ಲ ಹೇಳಿದೆ. ಎಲ್ಲವನ್ನೂ ಹಸಿರು ಪೆನ್ನಿನಲ್ಲಿ ಬರೆದುಕೊಂಡಳು. ಮುಂದಿನ ಬೆಂಚಿನ ವಿಷಯವನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಇಷ್ಟರ ನಡುವೆ ನಾವು ಒಂದು ತಪ್ಪು ಮಾಡಿದೆವು. ಅದು ತಪ್ಪೆಂದು ತಿಳಿಯಬೇಕಾದರೆ ಅಮ್ಮನ ವಾರ್ಡಿನ ಒಂದು ಕಟ್ಟಳೆ ಗೊತ್ತಿರಬೇಕು.

ಅಲ್ಲಿ ಪಾಳಿ ಮುಗಿಯಿತೆಂದು ಯಾರೂ ಹಾಗೇ ಎದ್ದು ಬರುವಂತಿಲ್ಲ. ಮುಂದಿನ ಪಾಳಿಯವಳು ಬರಬೇಕು, ಇಬ್ಬರೂ ಒಂದನೇ ಬೆಡ್ಡಿನಿಂದ ಕೊನೆಯ ಬೆಡ್ಡಿನವರೆಗೆ ಒಟ್ಟಿಗೆ ನಡೆಯಬೇಕು. ಇವರನ್ನು ಎಡಕ್ಕೆ ತಿರುಗಿಸಿ ಮಲಗಿಸಬೇಡ, ಅವರು ನೀರು ಕುಡಿದೆ ಎಂದು ಸುಳ್ಳು ಹೇಳುತ್ತಾರೆ, ಹೀಗೆ ಒಂದೊಂದೇ ಒಪ್ಪಿಸಬೇಕು. ಪ್ರತಿ ಬೆಡ್ಡಿನ ಮುಂದೆಯೂ ಬಂದವಳು ‘ತಗೊಂಡೆ’ ಎನ್ನಬೇಕು, ಕೊನೆಗೆ ಹಾಳೆಯಲ್ಲಿ ಗಂಟೆ ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ಆಕಾಶವೇ ಕಳಚಿ ಬಿದ್ದರೂ ಹೋಗುವವಳು ಹೋಗುವಂತಿಲ್ಲ. ನಾನು ಮೂರನೇ ಕ್ಲಾಸಿನಲ್ಲಿ ಬಹುಮಾನ ತೆಗೆದುಕೊಂಡ ದಿನ ಮುಂದಿನ ಪಾಳಿಯವಳು ಮುಕ್ಕಾಲು ಗಂಟೆ ತಡವಾಗಿ ಬಂದಳು. ಅಮ್ಮ ಶಾಲೆಗೆ ಓಡಿಬರುವಷ್ಟರಲ್ಲಿ ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಆ ಸಿಟ್ಟು ನನ್ನಲ್ಲಿ ಎಷ್ಟೋ ವರ್ಷ ಹಾಗೇ ಇತ್ತು.

ಇಂಥವಳಿಗೆ ನಾವು ಮನೆಯ ಚಿಂತೆ ತಟ್ಟಬಾರದೆಂದು ಮೂವರೂ ಸೇರಿ ತೀರ್ಮಾನಿಸಿದ್ದೆವು. ಅವಳು ಅಜ್ಜನ ಕಣ್ಣಿನ ಡ್ರಾಪ್ಸ್ ಎಂದು ಬಾಯಿ ತೆಗೆದರೆ, ನಾವು ನೋಡ್ಕೋತೀವಿ ಬಿಡು ಎನ್ನುತ್ತಿದ್ದೆವು. ಅಪ್ಪನ ಬಿಪಿ ಮಾತ್ರೆ ಎಂದರೆ, ನಾನೇನು ಮಗುವಾ ಎಂದು ಅಪ್ಪ ನಗುತ್ತಿದ್ದ. ಶನಿವಾರ ಒಂದು ಹಾಳೆಯ ತುಂಬ ಬರೆದು ನನ್ನ ಕೈಗೆ ಕೊಟ್ಟಳು. ಆಮೇಲೆ ನೋಡ್ತೀನಿ, ನೀನು ಆರಾಮಾಗಿ ಹೊರಡು ಎಂದು ನಾನು ಅದನ್ನು ಓದದೆ ಮಡಿಸಿ ಡ್ರಾಯರಿಗೆ ಹಾಕಿದೆ. ದೊಡ್ಡ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಸೂಟ್‌ಕೇಸು ಬಾಗಿಲ ಬಳಿ ಬಂದಿತ್ತು. ಬಕೆಟ್ಟಿನೊಳಗೆ ಮಗ್ಗು, ಮಗ್ಗಿನೊಳಗೆ ಬೀಗ, ಎಲ್ಲ ತಯಾರಾಗಿತ್ತು. ಎಂಟು ಗಂಟೆಗೆ ನೋಡಿದರೆ ಅಮ್ಮ ಸೂಟ್‌ಕೇಸು ಬಿಚ್ಚುತ್ತಿದ್ದಾಳೆ. ಟವೆಲ್ಲು ತೆಗೆದಳು, ಮತ್ತೆ ಇಟ್ಟಳು. ಅಡುಗೆಮನೆಗೆ ಹೋಗಿ ಬಂದಳು. ಅಜ್ಜನ ಕೋಣೆಗೆ ಹೋಗಿ ಬಂದಳು. ಹತ್ತು ದಿನ ಉಕ್ಕುತ್ತಿದ್ದ ಮುಖದಲ್ಲಿ ಒಂದು ಹನಿ ಉತ್ಸಾಹ ಉಳಿದಿರಲಿಲ್ಲ. ಅಪ್ಪ ಸ್ಕೂಟರ್ ಹೊರಗೆ ತೆಗೆದು ಎರಡು ಸಲ ಹಾರ್ನ್ ಮಾಡಿದ. ಸ್ಟೇಷನ್ನಿಗೆ ಅರ್ಧ ಗಂಟೆಯ ದಾರಿ.

“ನಾನು ಹೋಗಲ್ಲ ಅನ್ಸುತ್ತೆ,” ಎಂದಳು ಅಮ್ಮ. “ಸೀಟು ಬೇರೆ ಯಾರಿಗಾದ್ರೂ ಆಗುತ್ತೆ. ಅವರೂ ಕಾಯ್ತಿರ್ತಾರೆ.”

ನನ್ನ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗ ನನಗೆ ಬರುವುದು ಸಿಟ್ಟೊಂದೇ. ಮೂರು ಸಲ ಪರೀಕ್ಷೆ ಬರೆದದ್ದು ಯಾತಕ್ಕೆ, ನಿನ್ನ ಹೊದಿಕೆ ಹಾಕಿದ ಪುಸ್ತಕಗಳನ್ನು ಯಾರಿಗೆ ಕೊಡಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಅಜ್ಜನ ಮಂಚದ ಕಾಲ್ದೆಸೆಯಲ್ಲಿ ಹೋಗಿ ನಿಂತು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಾಗಿಲ ಕಡೆ ನೋಡಿದಳು.

ಹಾಗೆ ಅವಳು ನಿಂತದ್ದನ್ನು ನಾನು ನೂರು ಸಲ ನೋಡಿದ್ದೆ. ಶಾಲೆ ಬಿಟ್ಟು ಬಂದು ವಾರ್ಡಿನ ಗಾಜಿನ ಬಾಗಿಲ ಹೊರಗೆ ನಾನು ಕಾಯುತ್ತಿದ್ದಾಗ, ಮುಂದಿನ ಪಾಳಿಯವಳಿಗಾಗಿ ಅವಳು ಒಳಗೆ ಒಂದನೇ ಬೆಡ್ಡಿನ ಬಳಿ ಹೀಗೇ ಕಾಯುತ್ತಿದ್ದಳು. ಅವಳಿಗೆ ಮನಸ್ಸಿಲ್ಲ ಎಂದಲ್ಲ. ಅವಳ ವಾರ್ಡನ್ನು ಯಾರೂ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಡ್ರಾಯರಿನಿಂದ ಹಾಳೆ ತಂದೆ. ಮೊದಲ ಸಲ ಬಿಡಿಸಿ ನೋಡಿದೆ. ಹಸಿರು ಶಾಯಿಯಲ್ಲಿ ‘ಬೆಡ್ ಒಂದು’ ಎಂದಿತ್ತು.

“ಹೇಳು,” ಎಂದೆ.

ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡಿದಳು. ಇವರಿಗೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಎರಡೂ ಕಣ್ಣಿಗೆ ಡ್ರಾಪ್ಸ್. ಹಾಕಿಸಿಕೊಂಡೆ ಎನ್ನುತ್ತಾರೆ, ನಂಬಬೇಡ. ಸ್ನಾನಕ್ಕೆ ಹೋದಾಗ ಬಾಗಿಲ ಹೊರಗೆ ನಿಂತಿರು, ನಿಂತಿದ್ದೀಯ ಎಂದು ಗೊತ್ತಾಗಬಾರದು. ಅಜ್ಜ ಮಂಚದ ಮೇಲೆ ಕೂತು, ಇಷ್ಟು ವರ್ಷ ಹೊರಗೆ ನಿಲ್ತಿದ್ದೆಯಾ ಎಂಬಂತೆ ಸೊಸೆಯನ್ನು ನೋಡಿದ.

“ತಗೊಂಡೆ,” ಎಂದೆ.

ಬೆಡ್ ಎರಡು ಹೊರಗೆ ಸ್ಕೂಟರಿನ ಮೇಲಿತ್ತು. ಅಲ್ಲಿಗೂ ನಡೆದೆವು. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಮರೆಯುತ್ತಾರೆ, ನುಂಗಿದ್ದನ್ನು ಕಣ್ಣಾರೆ ನೋಡು ಎಂದಳು. ಎತ್ತರದ ಕೆಲಸಕ್ಕೆ ಹೋದ ದಿನ ಹೇಳದೆ ಮುಚ್ಚಿಡುತ್ತಾರೆ, ಅವತ್ತು ಊಟ ಕಮ್ಮಿ ಮಾಡುತ್ತಾರೆ, ಅದರಿಂದಲೇ ಗೊತ್ತಾಗುತ್ತದೆ. ಅಪ್ಪ ಹಾರ್ನಿನ ಮೇಲಿಟ್ಟ ಕೈ ತೆಗೆದ.

“ತಗೊಂಡೆ.”

ಬೆಡ್ ಮೂರು ನಾನು. ‘ಹಸಿದರೆ ರೇಗುತ್ತಾಳೆ. ಮೊದಲು ಊಟ, ಆಮೇಲೆ ಮಾತು. ಹೆದರಿದಾಗಲೂ ರೇಗುತ್ತಾಳೆ. ಆಗ ಊಟದಿಂದ ಪ್ರಯೋಜನವಿಲ್ಲ, ಪಕ್ಕದಲ್ಲಿ ಕೂರಬೇಕು.’ ಅದನ್ನು ನನ್ನ ಮುಖ ನೋಡುತ್ತಲೇ ಅವಳು ಒಪ್ಪಿಸಿದಳು. ನನಗೆ ಅಳು ಬರುತ್ತಿತ್ತು, ಬಂತು ಎಂದೇ ಹೇಳುತ್ತೇನೆ.

“ತಗೊಂಡೆ,” ಎಂದೆ. ಹಾಳೆಯಲ್ಲಿ ಎಂಟು ಇಪ್ಪತ್ತು ಎಂದು ಬರೆದು ಸಹಿ ಹಾಕಿದೆ.

ಅಮ್ಮ ಸಹಿಯನ್ನು ಓದಿ ನೋಡಿದಳು. ನಲ್ಲಿಯ ಬಳಿ ಹೋಗಿ ಪಾಳಿ ಮುಗಿದಾಗ ತೊಳೆಯುವಂತೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ತಿರುಗಿ ಬರುವಾಗ ಮುಖ ಮತ್ತೆ ಹತ್ತು ದಿನದ ಹಿಂದಿನದೇ. ಸೂಟ್‌ಕೇಸು ಮುಚ್ಚಿ ಅಪ್ಪನ ಕಾಲ ಬಳಿ ಇಟ್ಟು, ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಸ್ಕೂಟರ್ ಹತ್ತಿದಳು. ಕೊನೇ ಗಳಿಗೆಯಲ್ಲಿ ಅಪ್ಪ ಹಗ್ಗ ತಂದು ಬಕೆಟ್ಟಿಗೆ ಹಾಕಿದ. ಈ ಸಲ ಅವಳು ತೆಗೆಯಲಿಲ್ಲ.

ನಾನೂ ಸ್ಟೇಷನ್ನಿಗೆ ಹೋಗಬೇಕೆಂದಿದ್ದೆ. ಆದರೆ ಸಹಿ ಹಾಕಿದವಳು ವಾರ್ಡು ಬಿಟ್ಟು ಹೋಗುವಂತಿಲ್ಲವಲ್ಲ. ಗೇಟಿನಲ್ಲೇ ನಿಂತೆ. ಬೀದಿಯ ತಿರುವಿನವರೆಗೆ ಅವಳ ಬಿಳಿ ಶೂ ಕಾಣುತ್ತಿತ್ತು. ಅವಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಪಾಳಿ ಒಪ್ಪಿಸಿದ ಮೇಲೆ ಅವಳು ಯಾವತ್ತೂ ನೋಡಿದವಳಲ್ಲ.

ಸಂಜೆ ಫೋನ್ ಬಂತು. ನಾಲ್ಕು ಗಂಟೆಗೇ ಹೋಗಿ ಸೇರಿದ್ದಳು. ಉಸಿರು ಬಿಡದೆ ಮಾತಾಡಿದಳು: ಕಿಟಕಿಯಿಂದ ಬಸ್ ನಿಲ್ದಾಣ ಪೂರ್ತಿ ಕಾಣುತ್ತದಂತೆ, ರೂಮಿನ ಹುಡುಗಿಯರಿಬ್ಬರೂ ಹದಿನೆಂಟರವರಂತೆ, ಒಬ್ಬಳು ಅಳುತ್ತಿದ್ದಳಂತೆ, ಈಗ ಇವಳ ನಾಲ್ಕು ಬಣ್ಣದ ಪೆನ್ನಿನಲ್ಲಿ ಗೀಚುತ್ತಿದ್ದಾಳಂತೆ. ಬಟ್ಟೆ ಒಣಹಾಕಲು ಮೂವರಿಗೂ ಹಗ್ಗ ಸಾಕಾಯಿತಂತೆ. ಲಿಫ್ಟಿನ ಬಾಗಿಲು ಕಿರ್ ಎನ್ನುತ್ತದೆ, ಅಪ್ಪನಿಗೆ ಹೇಳು ಎಂದಳು. ನಾಳೆ ಮುಂದಿನ ಬೆಂಚಿನಲ್ಲೇ ಕೂರುತ್ತಾಳಂತೆ. ಕಾಲು ಗಂಟೆ ಕೇಳಿದೆ. ಮನೆಯ ಬಗ್ಗೆ ಒಂದು ಮಾತಿಲ್ಲ.

ನನಗೆ ಸ್ವಲ್ಪ ಹೊಟ್ಟೆ ಉರಿಯಿತು. “ಅಜ್ಜಂಗೆ ಡ್ರಾಪ್ಸ್ ಹಾಕಿದ್ಯಾ ಅಂತ ಕೇಳಲ್ವಾ?” ಎಂದೆ.

“ನೀನು ತಗೊಂಡಿದೀಯಲ್ಲ,” ಎಂದಳು ಅಮ್ಮ, ಆಶ್ಚರ್ಯದಿಂದ. “ಮತ್ತೇನು ಕೇಳೋದು?”

ಫೋನ್ ಇಟ್ಟು ಗಡಿಯಾರ ನೋಡಿದೆ. ಆರೂ ಕಾಲು. ಡ್ರಾಪ್ಸ್ ಹಾಕಿರಲಿಲ್ಲ. ಬಾಟಲಿ ಹಿಡಿದು ಅಜ್ಜನ ಕೋಣೆಗೆ ಓಡಿದೆ. ಅಜ್ಜ ಕಣ್ಣು ಮುಚ್ಚಿ ಕೂತು, ಆಗಲೇ ಹಾಕಿಸಿಕೊಂಡೆನಲ್ಲ ಎಂದ.