ಅಲರ್ಜಿ ಕಾಲಮಿನಲ್ಲಿ ಬಂದ ‘ಇಲ್ಲ’

ಆಸ್ಪತ್ರೆಯಲ್ಲಿ ನನ್ನ ಚಿಕ್ಕಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಹ್ಯಾಶಣ್ಣ ಎಂದು. ರೋಗಿಗಳ ವಿವರ ತುಂಬುವ ಫಾರಂ, ದಿನಾ ಬೆಳಿಗ್ಗೆಯೂ ಹೊಸ ರೋಗಿ ಬಂದಾಗಲೂ ವಾರ್ಡುಗಳಿಗೆ ಹೋಗುವ ರಿಪೋರ್ಟು, ಎರಡನ್ನೂ ಕಂಪ್ಯೂಟರಿನಲ್ಲಿ ಕಟ್ಟಿ ನಿಲ್ಲಿಸಿದವರು ಅವರೇ. ವಯಸ್ಸು ಬರಬೇಕಾದ ಕಡೆ ಹ್ಯಾಶ್ (#) ಗುರುತಿನ ಜೊತೆ ‘ಎರರ್’ ಎಂದು ಬಂದರೆ ಸಾಕು, ವಾರ್ಡಿನಿಂದ ಫೋನು ಬರುತ್ತಿತ್ತು: “ಹ್ಯಾಶಣ್ಣ, ನಿಮ್ಮ ನೆಂಟ ಬಂದಿದ್ದಾನೆ!” ಮೆಟ್ಟಿಲ ಕೆಳಗಿನ ತಮ್ಮ ಇಕ್ಕಟ್ಟು ಕೋಣೆಯಲ್ಲಿ ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಹುಡುಕಲು ಕೂರುತ್ತಿದ್ದರು. ನೋಡಿದರೆ ಯಾವನೋ ಪುಣ್ಯಾತ್ಮ ವಯಸ್ಸಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಟೈಪ್ ಮಾಡಿರುತ್ತಿದ್ದ.

“ದೂರು ಬಂದ್ರೆ ನನ್ನ ಕೆಲಸ, ಬರದಿದ್ರೆ ನನ್ನ ಊಟ” ಅನ್ನುವುದು ಅವರ ಮಾತು. ಫೋನು ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಎಂದೇ ಅವರ ಲೆಕ್ಕ. ಆಗ ನಾನೂ ನಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಅಪ್ಪ ಹೋದ ಮೇಲೆ ನನ್ನನ್ನು ನರ್ಸಿಂಗ್ ಓದಿಸಿದವರು ಈ ಚಿಕ್ಕಪ್ಪ. ಅವರಿವರ ಕೈಕಾಲು ಹಿಡಿದು ಅದೇ ಆಸ್ಪತ್ರೆಯಲ್ಲಿ ನನಗೆ ಕೆಲಸ ಕೊಡಿಸಿದವರೂ ಅವರೇ. ಅದನ್ನು ಮರೆತು ಮಾತಾಡುವವಳಲ್ಲ ನಾನು.

ಆ ವರ್ಷ ಆಡಳಿತದವರಿಗೆ ಹೊಸದೊಂದು ಹುಚ್ಚು ಹತ್ತಿತು. ಹೊಸ ರೋಗಿಗಳ ನಂಬರಿನ ಮುಂದೆ ಒಂದು ಅಕ್ಷರ ಸೇರಿಸಬೇಕೆಂದರು, ಸೇರಿಸಿಯೂ ಬಿಟ್ಟರು. ಚಿಕ್ಕಪ್ಪನ ರಿಪೋರ್ಟು ರೋಗಿಯ ನಂಬರ್ ಹಿಡಿದು ಅವರ ಅಲರ್ಜಿ ಏನೆಂದು ಹುಡುಕಿ ತರುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಬರೀ ಅಂಕಿ. ಅಕ್ಷರ ಎದುರಾದದ್ದೇ ತಡ, ಹೊಸಬರ ಅಲರ್ಜಿ ಕಾಲಮಿನ ತುಂಬ ಎರರ್. ಸರಿಪಡಿಸಲು ಕೆಲವು ದಿನವಾದರೂ ಬೇಕಿತ್ತು. ಆಸ್ಪತ್ರೆಯ ದಾಖಲೆ ನೋಡುವ ತಪಾಸಣೆಯವರು ಮಾರನೆಯ ದಿನವೇ ಬರುವವರಿದ್ದರು.

“ಈ ಗಲೀಜು ಅವರ ಕಣ್ಣಿಗೆ ಬೀಳಬಾರದು” ಎಂದರು ಸೂಪರಿಂಟೆಂಡೆಂಟ್.

“ಖಾಲಿ ಬಿಡ್ಲಾ ಸಾರ್?”

“ಖಾಲಿ ಬಿಟ್ರೆ ಅದಕ್ಕೂ ಕೊಕ್ಕೆ ಹಾಕ್ತಾರೆ. ಏನಾದ್ರೂ ತುಂಬ್ಸಿ.”

ಚಿಕ್ಕಪ್ಪ ಕಂಪ್ಯೂಟರಿಗೆ ಒಂದೇ ಸಾಲು ಬರೆದರು: ಎರರ್ ಬಂದರೆ ಅದರ ಬದಲು ‘ಇಲ್ಲ’ ಎಂದು ತೋರಿಸು. ತಪಾಸಣೆ ಮುಗಿದ ಕೂಡಲೇ ತೆಗೆದುಹಾಕುವುದೆಂದು ಅಂದುಕೊಂಡಿದ್ದರಂತೆ. ತಪಾಸಣೆಯವರು ರಿಪೋರ್ಟನ್ನು ಹೊಗಳಿ ಹೋದರು. ಹಳೆಯ ರೋಗಿಗಳ ಅಲರ್ಜಿ ಮೊದಲಿನಂತೆ ಸರಿಯಾಗಿ ಬರುತ್ತಿದ್ದರಿಂದ ವಾರ್ಡಿನಲ್ಲಿ ನಮಗ್ಯಾರಿಗೂ ಅನುಮಾನ ಬರಲಿಲ್ಲ. ಫೋನು ಹೊಡೆದುಕೊಳ್ಳಲಿಲ್ಲ. ಚಿಕ್ಕಪ್ಪ ನೆಮ್ಮದಿಯಾಗಿ ಊಟ ಮಾಡಿಕೊಂಡಿದ್ದರು.

ಒಂದು ಮಧ್ಯಾಹ್ನ ಟೈಲರಿಂಗ್ ಮಾಡುವ ಹೆಂಗಸೊಬ್ಬಳನ್ನು ನನ್ನ ವಾರ್ಡಿಗೆ ತಂದರು. ಜ್ವರ ನೆತ್ತಿಗೇರಿತ್ತು, ಮಾತಾಡಿಸಿದರೆ ಪ್ರಜ್ಞೆಯಿಲ್ಲ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳಿದ್ದವು. ಡಾಕ್ಟರು ರಿಪೋರ್ಟು ನೋಡಿ ಇಂಜೆಕ್ಷನ್ ಬರೆದರು. ನಾನೂ ನೋಡಿದೆ. ಅಲರ್ಜಿ: ಇಲ್ಲ. ಕೊಟ್ಟೆ. ಸ್ವಲ್ಪ ಹೊತ್ತಿಗೇ ಅವಳ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ನಾವು ಮಾಡದ ಪ್ರಯತ್ನವಿಲ್ಲ. ಅವಳು ನನ್ನ ಕೈಯಲ್ಲೇ ಹೋದಳು.

ಹೊರಗಿದ್ದ ಗಂಡ ಒಳಗೆ ಓಡಿಬಂದು ಕೂಗಿದ, “ಸೇರಿಸುವಾಗ್ಲೇ ಹೇಳಿದ್ನಲ್ಲಾ, ಆ ಔಷಧಿ ಅವಳಿಗೆ ಆಗಲ್ಲ ಅಂತ!”

ಹೌದು, ಹೇಳಿದ್ದ. ಫಾರಂ ತೆಗೆದು ನೋಡಿದರೆ ಔಷಧಿಯ ಹೆಸರು ಅಚ್ಚುಕಟ್ಟಾಗಿ ಕೂತಿತ್ತು. ಹಾಳೆಯಲ್ಲಿ ಏನಿತ್ತೋ ನೆನಪಿಲ್ಲ ಎಂದು ಡಾಕ್ಟರು ಜಾರಿಕೊಂಡರು, ತಪ್ಪು ನನ್ನ ತಲೆಗೆ ಬಂತು. ವಾರ್ಡಿನ ಹಾಳೆಗಳನ್ನು ಸಂಜೆಗೆ ಹರಿದು ಬಿಸಾಡುವುದು ಅಲ್ಲಿನ ರೂಢಿ, ನಾನು ನೋಡಿದ ಹಾಳೆ ಆಗಲೇ ಚಿಂದಿಯಾಗಿತ್ತು, ಇನ್ನೊಂದು ಪ್ರಿಂಟ್ ತೆಗೆಸಲು ಸೂಪರಿಂಟೆಂಡೆಂಟ್ ಒಪ್ಪಲಿಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ತಪ್ಪು ನನ್ನದೆಂದಾದರೆ ಲೈಸೆನ್ಸ್ ರದ್ದು, ಆಮೇಲೆ ಪೊಲೀಸ್ ಕೇಸು.

ನೇರ ಚಿಕ್ಕಪ್ಪನ ಮನೆಗೆ ಹೋದೆ. “ಹಾಳೇಲಿ ‘ಇಲ್ಲ’ ಅಂತಾನೇ ಇತ್ತು ಚಿಕ್ಕಪ್ಪ. ನನ್ನ ಕಣ್ಣಾಣೆಗೂ ಇತ್ತು.”

“ಇತ್ತು ಕಣಮ್ಮ” ಎಂದರು, ತಲೆ ಎತ್ತಲಿಲ್ಲ. ಆ ಒಂದು ಸಾಲಿನ ಕಥೆ ಹೇಳಿದರು.

ಚಿಕ್ಕಮ್ಮ ಟೀ ಲೋಟ ಕುಕ್ಕಿದರು. “ಇದನ್ನ ಹೊರಗೆ ಬಾಯಿಬಿಟ್ರೆ ಇವರ ಗತಿ ಏನು? ಬಾಯಿ ಮುಚ್ಕೊಂಡಿರಿ ಅಂತ ಸೂಪರಿಂಟೆಂಡೆಂಟ್ ಸಾಹೇಬರೂ ಹೇಳಿದ್ದಾರೆ. ನಿಂಗಿನ್ನೂ ವಯಸ್ಸಿದೆ, ಇನ್ನೊಂದು ಕಡೆ ಕೆಲಸ ಸಿಗತ್ತೆ.”

“ಸಾಯ್ಸಿದೋಳು ಅಂತ ಹಣೆಪಟ್ಟಿ ಕಟ್ಕೊಂಡು ಹೋದ್ರೆ ಯಾರು ಕೊಡ್ತಾರೆ ಚಿಕ್ಕಮ್ಮ?”

ಚಿಕ್ಕಪ್ಪ ತಮ್ಮ ಲೋಟ ಎತ್ತಿ ಟೀ ಕುಡಿಯತೊಡಗಿದರು. ನನ್ನನ್ನು ಓದಿಸಿದ ಮನುಷ್ಯ ಇವರೇನಾ ಅನ್ನಿಸಿತು. ಟೀ ಮುಟ್ಟದೆ ಎದ್ದು ಬಂದೆ.

ವಿಚಾರಣೆಯ ದಿನ ಮೇಜಿನ ಆಚೆ ಡಾಕ್ಟರುಗಳು, ಪಕ್ಕದಲ್ಲಿ ಸೂಪರಿಂಟೆಂಡೆಂಟ್, ಬಾಗಿಲ ಹತ್ತಿರ ಸತ್ತವಳ ಗಂಡ. ನನ್ನನ್ನು ಕೇಳಿ ಮುಗಿಸುವಷ್ಟರಲ್ಲಿ ಚಿಕ್ಕಪ್ಪ ಒಳಗೆ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಸೂಪರಿಂಟೆಂಡೆಂಟ್ ಕಣ್ಣು ಕೆಂಪಗೆ ಮಾಡಿದರು. ಚಿಕ್ಕಪ್ಪ ಅತ್ತ ನೋಡದೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಆ ಸಾಲು ಅಳಿಸಿದರು, ಅವಳು ಸೇರಿದ ದಿನದ ರಿಪೋರ್ಟನ್ನು ಮತ್ತೆ ಪ್ರಿಂಟ್ ತೆಗೆದರು.

“ನಿಜವಾಗಿ ಬರಬೇಕಾಗಿದ್ದು ಇದು. ‘ಇಲ್ಲ’ ಅಂತ ಬರೋ ಹಾಗೆ ಮಾಡಿದ್ದು ನಾನು. ಈ ಮಗೂದೇನೂ ತಪ್ಪಿಲ್ಲ” ಎಂದರು. ಹಾಳೆಯ ಅಲರ್ಜಿ ಕಾಲಮಿನಲ್ಲಿ ಸಾಲು ಸಾಲು ಎರರ್.

ಗಂಡ ಎದ್ದು ಬಂದು ಹಾಳೆ ಕೈಗೆ ತೆಗೆದುಕೊಂಡ. ಹೆಂಡತಿಯ ಹೆಸರು ಹುಡುಕಿದ. ಅದರ ಮುಂದಿದ್ದ ಗುರುತಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದ, “ಇದು ಹೀಗೇ ಬಂದಿದ್ರೆ ನೀವೇನ್ ಮಾಡ್ತಿದ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೊರಗೆ ಬಂದು ನಿಮ್ಮನ್ನ ಕೇಳ್ತಿದ್ದೆ.”

“ನಾನು ಬಾಗಿಲ ಪಕ್ಕದ ಬೆಂಚಲ್ಲೇ ಕೂತಿದ್ದೆ” ಎಂದ.

ಚಿಕ್ಕಪ್ಪ ಹಾಳೆಯ ಕೆಳಗೆ ಸಹಿ ಹಾಕಿ ಡಾಕ್ಟರುಗಳ ಮುಂದಿಟ್ಟರು.

ನನ್ನ ಕೆಲಸ ಉಳಿಯಿತು, ಅವರದು ಹೋಯಿತು. ತಾವು ಏನೂ ಹೇಳಿಯೇ ಇಲ್ಲವೆಂದು ಸೂಪರಿಂಟೆಂಡೆಂಟ್ ಕೈ ತೊಳೆದುಕೊಂಡರು. ಕೇಸು ಇನ್ನೂ ನಡೆಯುತ್ತಿದೆ. ನನ್ನ ಸಿಟ್ಟು ಇಳಿದಿಲ್ಲ, ಆದರೂ ಡ್ಯೂಟಿ ಮುಗಿಸಿ ದಿನಾ ಅವರ ಮನೆಗೆ ಹೋಗುತ್ತೇನೆ. ಹೋಗದಿದ್ದರೆ ಅವರು ತಟ್ಟೆಯ ಮುಂದೆ ಕೂರುವುದಿಲ್ಲ ಎಂದು ಚಿಕ್ಕಮ್ಮ ಫೋನ್ ಮಾಡುತ್ತಾರೆ.

“ಇವತ್ತು ವಾರ್ಡಲ್ಲಿ ಎರರ್ ಬಂತಾ?” ಎಂದು ಚಿಕ್ಕಪ್ಪ ಕೇಳುತ್ತಾರೆ.

“ಬಂತು ಚಿಕ್ಕಪ್ಪ. ಹೊರಗೆ ಹೋಗಿ ಕೇಳ್ಕೊಂಡು ಬಂದೆ.”

“ಒಳ್ಳೇದಾಯ್ತಮ್ಮ” ಎಂದು ಊಟಕ್ಕೆ ಕೂರುತ್ತಾರೆ.