ಬಕೆಟ್ಟಿನಲ್ಲಿ ತೇಲಿದ ಮಾವು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಸಂತೆಗೆ ಹೋಗುವಾಗ ಚೀಲದ ಜೊತೆ ಒಂದು ಬಕೆಟ್ ನೀರನ್ನೂ ಒಯ್ಯುತ್ತಿದ್ದರು. ಮಾವಿನ ಹಣ್ಣು ಮುಳುಗಿದರೆ ಕೊಳ್ಳುವರು. ತೇಲಿದರೆ ಅದು ಕಾರ್ಬೈಡ್ ಹಾಕಿ ಮಾಗಿಸಿದ್ದೆಂದು ತೀರ್ಪು.

"ತಿಂದ್ರ ಬಾಯಾಗ ಹುಣ್ಣು, ಹೊಟ್ಟ್ಯಾಗ ಉರಿ. ನೀರು ಸುಳ್ಳು ಹೇಳಂಗಿಲ್ಲ" ಎನ್ನುವರು.

ಕಾರ್ಬೈಡಿನ ಅಪಾಯವನ್ನು ನಾನು ಅಲ್ಲಗಳೆದವನಲ್ಲ. ನನ್ನ ತಕರಾರು ಬಕೆಟ್ಟಿನ ಮೇಲೆ. ಹೊರಗೆ ಒಂದೇ ಸಮ ಹಳದಿಯಿದ್ದು, ವಾಸನೆಯೇ ಇಲ್ಲದೆ, ಕೊಯ್ದರೆ ಒಳಗೆ ಗಟ್ಟಿಯಿದ್ದರೆ ಅನುಮಾನಿಸೋಣ. ತೇಲುವುದು ಹೇಗೆ ಪುರಾವೆಯಾದೀತು?

ಒಂದು ಬೇಸಿಗೆಯಲ್ಲಿ ಅವರ ಬಸುರಿ ಮಗಳು ತವರಿಗೆ ಬಂದಿದ್ದಳು. ಅವಳಿಗೆ ಮಾವಿನ ಬಯಕೆ. ಸಂತೆಯ ಹಣ್ಣೊಂದೂ ಪಾಸಾಗಲಿಲ್ಲ. ಕಡೆಗೆ ಮೇಷ್ಟ್ರು ಹಿತ್ತಲ ಮರದ ಕಾಯಿ ಕಿತ್ತು, ಮಾಗಲೆಂದು ತಾವೇ ಹುಲ್ಲಿನಲ್ಲಿ ಅಡೆ ಹಾಕಿದರು. ಎಂಟನೆಯ ದಿನ ಮೊದಲ ಹಣ್ಣನ್ನು ಬಕೆಟ್ಟಿಗೆ ಬಿಟ್ಟರು. ಅದು ತೇಲಿತು.

"ಈಗೇನಂತೀರಿ ಸರ್?" ಎಂದೆ.

ಅವರು ಮರದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿದರು. "ಇದಕ್ಕ ಈ ಮೋಸ ಯಾರು ಕಲಿಸ್ಯಾರ?"

"ಅಪ್ಪಾ, ಮರದ ಮ್ಯಾಲೂ ಕೇಸ್ ಹಾಕ್ತಿ ಏನು?" ಎಂದ ಮಗಳು ಹಣ್ಣನ್ನೆತ್ತಿ, ಮೂಸಿ, ಹಲ್ಲಿನಿಂದಲೇ ಸಿಪ್ಪೆ ಸುಲಿದು ತಿಂದಳು. ಹುಣ್ಣು ಈಗಲೇ ಎದ್ದೀತೇನೋ ಎಂಬಂತೆ ಮೇಷ್ಟ್ರು ಅವಳ ಬಾಯನ್ನೇ ನೋಡುತ್ತ ಕೂತರು. ಚೀಪಿದ ಗೊರಟೆಯನ್ನು ಅವಳ ಕೈಯಿಂದ ಇಸಿದುಕೊಂಡು ಬಕೆಟ್ಟಿಗೆ ಹಾಕಿದರು. ಅದು ಮುಳುಗಿತು.

"ನೋಡಲೇ," ಎಂದು ನನ್ನತ್ತ ತಿರುಗಿದರು, "ಗೊರಟಿ ಅಸಲಿ ಐತಿ. ನೀರು ಸುಳ್ಳು ಹೇಳಂಗಿಲ್ಲ."

ಮಗಳು ಎರಡನೆಯ ಹಣ್ಣು ಎತ್ತಿಕೊಂಡಳು. ಮೇಷ್ಟ್ರು ತಡೆಯಲಿಲ್ಲ, ಗೊರಟೆಗಾಗಿ ಕೈಚಾಚಿ ಕಾದರು.