ಎದುರಾಡದ ಹುಡುಗಿಯೊಡನೆ ಬೇಗಂಪೇಟೆಗೆ

ಸೇಡಂ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದಾಗ ಆರೂವರೆ. ಫೆಬ್ರುವರಿಯ ಚಳಿ ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಟಿಕೆಟ್ಟು ತಲೆಗೆ ಇಪ್ಪತ್ತೇಳು ರೂಪಾಯಿ. ಬೇಗಂಪೇಟೆ ಅಲ್ಲಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸು, ಗಾಡಿ ಮನಸ್ಸು ಮಾಡಿದರೆ ನಾಲ್ಕು ತಾಸು. ನನ್ನ ಜೊತೆಗಿದ್ದವಳು ಅಂಬಿಕಾ, ನಮ್ಮ ಕಾಲೇಜಿನ ಎರಡನೇ ಪಿಯುಸಿ ಹುಡುಗಿ. ನಾನು ಅವಳಿಗೆ ಗಣಿತ ಹೇಳುವವಳು. ಅವಳಪ್ಪ ಹಿಟ್ಟಿನ ಗಿರಣಿ ನಡೆಸುವವರು, ತೋಳಿಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಲೇ ಕಿಟಕಿಯ ಹತ್ತಿರ ಬಂದರು.

"ಮೇಡಂರಿ, ಅಲ್ಲಿ ಇಂಗ್ಲಿಷ್‌ನಾಗ ಏನ್ ಕೇಳ್ತಾರೋ, ನನಗ ತಿಳಿಯಂಗಿಲ್ಲ. ನೀವ ಅದೀರಿ ಅಂತ ಕಳಸಾಕತ್ತೀನಿ."

"ಚಿಂತಿ ಮಾಡಬ್ಯಾಡ್ರಿ," ಎಂದೆ. ಆ ದಿನ ನಾನು ಆಡಿದ ದೊಡ್ಡ ಸುಳ್ಳು ಅದು, ಆದರೆ ಆಗ ನನಗೆ ಗೊತ್ತಿರಲಿಲ್ಲ.

ಅಂಬಿಕಾಳ ಕಾಕಾ ಹೈದರಾಬಾದಿನ ಬಾಲಾನಗರದಲ್ಲಿ ಕಾರ್ಖಾನೆಯ ಕೆಲಸಕ್ಕಿದ್ದಾರೆ. ಅವರ ಮಗಳು ಸಾಫ್ಟ್‌ವೇರ್ ಕಂಪನಿ ಸೇರಿದವಳು. ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ಆಕೆಯೇ ಹೇಳಿದ್ದು: ಅಮೆರಿಕದಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯ ಇದೆ, ಅದು ತೆಗೆದುಕೊಂಡರೆ ಫೀಸು, ಊಟ, ವಸತಿ, ಕೊನೆಗೆ ವಿಮಾನದ ಟಿಕೆಟ್ಟೂ ಅದರದ್ದೇ. ತೆಗೆದುಕೊಂಡರೆ. ಬೇರೆ ಕಡೆಯ ಫೀಸು ಗಿರಣಿಯ ದುಡಿಮೆಗೆ ಎಟಕುವಂತಿರಲಿಲ್ಲ, ಹಾಗಾಗಿ ಅಂಬಿಕಾ ಅದೊಂದಕ್ಕೇ ಅರ್ಜಿ ಹಾಕಿದಳು. ಕಾಕಾನ ಮನೆಯಲ್ಲಿ ಉಳಿದು ಅದಕ್ಕೆ ಬೇಕಾದ ಪರೀಕ್ಷೆ ಬರೆದು ಭಾಳ ಒಳ್ಳೆಯ ಅಂಕ ತಂದಳು. ಅರ್ಜಿಯ ಜೊತೆ ಪಾಠ ಹೇಳಿದವರೊಬ್ಬರ ಪತ್ರ ಬೇಕಿತ್ತು. ಅದನ್ನು ವಿದ್ಯಾರ್ಥಿ ಓದಬಾರದು, ಮಾಸ್ತರು ತಾವೇ ಲಕೋಟೆ ಅಂಟಿಸಿ ಕಳಿಸಬೇಕು.

ಡಿಸೆಂಬರಿನಲ್ಲಿ ಆ ಪತ್ರ ಬರೆದವಳು ನಾನು. ನಾಲ್ಕು ಸಲ ಚಿತ್ತು ಮಾಡಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ನನಗೆ ಗೊತ್ತಿದ್ದ ಚೆಂದದ ಇಂಗ್ಲಿಷನ್ನೆಲ್ಲ ಅದಕ್ಕೆ ಸುರಿದೆ. ದೇವರ ಮುಂದೆ ಒಂದು ರಾತ್ರಿ ಇಟ್ಟು ರಿಜಿಸ್ಟರ್ ಮಾಡಿದೆ. ಈಗ ಆ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಒಬ್ಬರು ಹುಡುಗಿಯನ್ನು ಮಾತಾಡಿಸುತ್ತಾರೆಂದು ಬೇಗಂಪೇಟೆಯಿಂದ ಕರೆ ಬಂದಿತ್ತು.

ತಾಂಡೂರಿನಲ್ಲಿ ಗಾಡಿ ಇಪ್ಪತ್ತು ನಿಮಿಷ ನಿಂತಿತು. ಚಹಾ ಕುಡಿದೆವು, ಗರಿಗರಿ ಕಟಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿಂದೆವು. ನಾನು ಬುದ್ಧಿ ಹೇಳುವ ಕೆಲಸ ಶುರು ಮಾಡಿದೆ.

"ಸರ್ ಅಂತ ಕರಿ. ಕೇಳಿದಷ್ಟಕ್ಕ ಹೇಳು. ವಾದ ಮಾಡಬ್ಯಾಡ."

"ಹೂಂ ರೀ ಮೇಡಂ."

ಲಿಂಗಂಪಲ್ಲಿಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತು ಹಾಕಿಕೊಂಡ ಹುಡುಗ ಹುಡುಗಿಯರು ತುಂಬಿಕೊಂಡರು. ಶನಿವಾರವೂ ಅವರಿಗೆ ರಜೆ ಇಲ್ಲವೇನೋ. ಅಂಬಿಕಾ ಆ ಚೀಟಿಗಳನ್ನು ಒಂದೊಂದಾಗಿ ಓದುತ್ತ ಬಂದಳು. ಬೇಗಂಪೇಟೆಯಲ್ಲಿ ಇಳಿದಾಗ ಹನ್ನೊಂದಕ್ಕೆ ಐದು ಕಮ್ಮಿ, ಬಿಸಿಲು ಸುರುವಾಗಿತ್ತು. ತಲೆಯ ಮೇಲೇ ಹೋದಂತೆ ಒಂದು ವಿಮಾನ ಇಳಿಯಿತು. ಆಟೋದವನು ಹತ್ತು ಹೆಜ್ಜೆ ದೂರಕ್ಕೆ ಮೂವತ್ತು ರೂಪಾಯಿ ಕೇಳಿದ್ದರಿಂದ ನಡೆದೇ ಹೋದೆವು.

ನಾಲ್ಕನೇ ಮಹಡಿಯ ಆಫೀಸು ಖಾಲಿ ಇತ್ತು. ಕರೆ ಕಳಿಸಿದ್ದ ಅನಂತ್ ಎಂಬವರು ಮೈಸೂರಿನವರು, ಮೂವತ್ತೂ ತುಂಬಿರದ ಹುಡುಗ. ಕನ್ನಡದವರೆಂದು ತಿಳಿದು ನನಗೆ ಅರ್ಧ ಗೆದ್ದಷ್ಟು ಧೈರ್ಯ ಬಂತು. ಅವರು ಅಂಬಿಕಾಳನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋದರು, ನಾನು ಹೊರಗೆ ಸೋಫಾದ ಮೇಲೆ ಕೂತೆ.

ಅರ್ಧ ತಾಸಿನ ಮಾತು ಎಂದಿದ್ದರು. ಒಂದು ತಾಸಾಯಿತು. ಗಾಜಿನಾಚೆ ಮಾತು ಕೇಳದು, ಕಾಣುತ್ತಿತ್ತು ಅಷ್ಟೇ. ಮೊದಲು ಅವಳು ಕೈಕಟ್ಟಿ ಕೂತಿದ್ದಳು. ಆಮೇಲೆ ತಲೆ ಅಡ್ಡಡ್ಡ ಆಡಿಸತೊಡಗಿದಳು. ಆಮೇಲೆ ಎದ್ದು, ಅವರ ಕೈಯಿಂದ ಪೆನ್ನು ಇಸಿದುಕೊಂಡು, ಗೋಡೆಯ ಬಿಳಿ ಹಲಗೆಯ ಮೇಲೆ ಅವರು ಬರೆದದ್ದನ್ನು ಅಳಿಸಿಬಿಟ್ಟಳು. ಕೂಡು, ಕೂಡು ಎಂದು ಹೊರಗಿನಿಂದ ಸನ್ನೆ ಮಾಡಿದೆ. ಅವಳು ಈ ಕಡೆ ನೋಡಲೇ ಇಲ್ಲ.

ಮುಗಿದ ಮೇಲೆ ಅವಳು ಮುಖ ತೊಳೆಯಲು ಹೋದಳು. ಅನಂತ್ ಎರಡು ಲೋಟ ಕಾಫಿ ಹಿಡಿದು ಬಂದರು.

"ತಗೊಳಿ ಮೇಡಂ. ಏನು ಹುಡುಗಿ ರೀ ಇವಳು! ಎರಡು ಸಲ ನನಗೇ ತಪ್ಪು ಅಂದಳು. ಒಂದು ಸಲ ನಾನು ನಿಜವಾಗ್ಲೂ ತಪ್ಪಿದ್ದೆ."

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದೆ. "ಅಂಥಾಕಿ ಅಲ್ಲ. ಎರಡು ವರ್ಷದಾಗ ಒಮ್ಮೆನೂ ಹಿರಿಯರಿಗೆ ಎದುರು ಮಾತಾಡಿಲ್ಲ, ಭಾಳ ಶಾಂತ, ಹೇಳಿದಂಗ ಕೇಳತಾಳ. ನನ್ನ ಪತ್ರದಾಗೂ ಹಂಗ ಬರದೀನ್ರಿ."

ಅವರು ಲೋಟ ಕೆಳಗಿಟ್ಟರು. "ಹಾಗಂತ ಬರೆದಿದೀರಾ?"

ನಾನು ಪತ್ರವನ್ನು ಬಾಯಿಪಾಠ ಒಪ್ಪಿಸಿದೆ. ಹೆಮ್ಮೆಯಿಂದಲೇ. ಅವರು ಕೊನೆಯವರೆಗೆ ಕೇಳಿ, ಬಹಳ ಮರ್ಯಾದೆಯಿಂದ ಹೇಳಿದರು: "ಅಲ್ಲಿ ಅದನ್ನ ಬೇರೆ ಥರ ಓದ್ತಾರೆ ಮೇಡಂ. ಹೇಳಿದ್ದು ಮಾಡ್ತಾಳೆ, ಸ್ವಂತವಾಗಿ ಏನೂ ಯೋಚಿಸಲ್ಲ ಅಂತ. ಅಂಥ ಪತ್ರಗಳು ರಾಶಿ ಬರುತ್ತೆ, ಪಕ್ಕಕ್ಕಿಡ್ತಾರೆ."

"ನೀವು ನೋಡಿದ್ದು ಬರೀತೀರಲ್ರಿ?"

"ಖಂಡಿತ ಬರೀತೀನಿ. ಆದ್ರೆ ನಾನು ನೋಡಿದ್ದು ಒಂದು ಗಂಟೆ. ನೀವು ಎರಡು ವರ್ಷ. ಅವರು ನಿಮ್ಮನ್ನೇ ನಂಬೋದು."

ಇನ್ನೊಂದು ಪತ್ರ ಕಳಿಸಬಹುದೇ ಎಂದು ಕೇಳಿದೆ. ಅರ್ಜಿಗಳನ್ನು ಓದುವುದು ಆಗಲೇ ಶುರುವಾಗಿದೆ, ಕಳಿಸಿ ನೋಡಿ ಎಂದು ಕಾರ್ಡಿನ ಹಿಂದೆ ಫ್ಯಾಕ್ಸ್ ನಂಬರ್ ಬರೆದುಕೊಟ್ಟರು. "ಆದ್ರೆ ಒಬ್ಬರೇ ಎರಡು ಥರ ಬರೆದರೆ..." ಎಂದು ನಿಲ್ಲಿಸಿದರು. ಪೂರ್ತಿ ಮಾಡುವ ಅಗತ್ಯ ಇರಲಿಲ್ಲ.

ಕೋಠಿಗೆ ಹೋಗಿ ಹಳೆಯ ಪುಸ್ತಕದ ಅಂಗಡಿ ನೋಡೋಣ ಎಂದು ಅಂಬಿಕಾಳಿಗೆ ಮಾತು ಕೊಟ್ಟಿದ್ದೆ. ಅದರ ಬದಲು ಕಾಲೇಜಿನ ಕೆಲಸ ಎಂದು ಸುಳ್ಳು ಹೇಳಿ ಅವಳನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂಡಿಸಿ, ಎದುರಿನ ಗಲ್ಲಿಯ ಜೆರಾಕ್ಸ್ ಅಂಗಡಿಗೆ ಹೋದೆ. ನಿಂತುಕೊಂಡೇ ಬರೆದೆ. ಈ ಸಲ ಡಿಕ್ಷನರಿ ಬೇಕಾಗಲಿಲ್ಲ.

ಬರೆಯಬೇಕಾದ್ದು ನನಗೆ ಮೊದಲಿಂದಲೂ ಗೊತ್ತಿತ್ತು. ಹೋದ ವರ್ಷ ನಾನು ಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸುವಾಗ ಈ ಹುಡುಗಿ ಎದ್ದು, ಮೂರನೇ ಸಾಲು ತಪ್ಪು ಎಂದಿದ್ದಳು. "ಕೂಡು" ಎಂದು ಗದರಿಸಿದ್ದೆ. ಮರುದಿನ ಸ್ಟಾಫ್‌ರೂಮಿಗೆ ಹಾಳೆ ತಂದಳು, ನೋಡದೆ ವಾಪಸ್ ಕಳಿಸಿದೆ. ಮೂರನೇ ದಿನ ಬೇರೆ ದಾರಿಯಿಂದ ಬಿಡಿಸಿ ತಂದಳು. ಆಗ ನೋಡಿದೆ. ಪುಸ್ತಕವೇ ತಪ್ಪಿತ್ತು. ಏಳು ವರ್ಷದಿಂದ ನಾನು ಆ ತಪ್ಪನ್ನೇ ಪಾಠ ಮಾಡಿದ್ದೆ. ಹಲಗೆಯ ಮೇಲೆ ತಿದ್ದಿದೆ, ಅವಳ ಹೆಸರು ಎತ್ತಲಿಲ್ಲ. ಪತ್ರದಲ್ಲೂ ಆ ಸಂಗತಿ ಎತ್ತಲಿಲ್ಲ. ಹುಡುಗಿಗೆ ಹಟಮಾರಿ ಎಂಬ ಹೆಸರು ಬರಬಾರದೆಂದು ಅವಳ ದೋಷ ಮುಚ್ಚಿದೆ ಎಂದುಕೊಂಡಿದ್ದೆ. ಮುಚ್ಚಿದ್ದು ನನ್ನ ದೋಷ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದು ನಗಬಹುದಿತ್ತು, ನಗು ಬರಲಿಲ್ಲ. ನಾನು ಬಣ್ಣಿಸಿ ಕಳಿಸಿದ್ದು ಒಂದು ಕೋಲೆ ಬಸವನನ್ನು.

ಅಂಗಡಿಯವನು ಮೂರು ಸಲ ಫ್ಯಾಕ್ಸ್ ನಂಬರ್ ಒತ್ತಿದ, ಸಿಗಲಿಲ್ಲ. "ಲೈನ್ ನೈ ಮಿಲ್ರಾ ಮೇಡಂ," ಎಂದ. ನಾಲ್ಕನೆಯ ಸಲ ಒತ್ತಲು ಹೋದಾಗ ನಾನೇ ಬೇಡವೆಂದೆ. ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದುವ ಯಾರೋ ಕಣ್ಣ ಮುಂದೆ ಬಂದರು. ಎರಡೂ ಸುಳ್ಳೆಂದು ಎತ್ತಿಟ್ಟರೆ ಅನಂತ್ ಬರೆದದ್ದೂ ಕೆಲಸಕ್ಕೆ ಬಾರದು. ಹೆದರಿದೆ. ಹಾಳೆಯನ್ನು ಚೀಲಕ್ಕೆ ತುರುಕಿಕೊಂಡು ನಾಲ್ಕರ ಗಾಡಿ ಹಿಡಿದೆ.

ಅಂಬಿಕಾ ವಿಕಾರಾಬಾದಿನವರೆಗೆ ಬಾಯಿ ಮುಚ್ಚಲಿಲ್ಲ. ಅವಳು ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಅಲ್ಲಿ ಹುಡುಗರು ಮಾಸ್ತರಿಗೇ ತಪ್ಪು ಅಂತಾರಂತ್ರಿ ಮೇಡಂ. ಮಾಸ್ತರು ಸಿಟ್ಟಾಗಂಗಿಲ್ಲಂತ."

ಕೇಳುತ್ತ ಕೂಡಲು ನನ್ನಿಂದ ಆಗಲಿಲ್ಲ. ಕಳಿಸಿದ ಪತ್ರವನ್ನು ಅವಳು ಓದಬಾರದು, ಕಳಿಸದಿದ್ದದ್ದನ್ನು ಓದಬಹುದಲ್ಲ. ಹಾಳೆ ತೆಗೆದು ಕೊಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಅವಳ ಕಿವಿ ಕೆಂಪಾಯಿತು.

"ಆ ಲೆಕ್ಕ ನಿಮಗ ಇನ್ನೂ ನೆನಪೈತೇನ್ರಿ? ಮೊದಲಿನ ಪತ್ರದಾಗೂ ಇದನ್ನ ಬರದೀರೇನ್ರಿ?"

"ಇಲ್ಲ. ಅದರಾಗ ನೀ ಎದುರಾಡಂಗಿಲ್ಲ, ಹೇಳಿದಂಗ ಕೇಳತಿ ಅಂತ ಬರದೀನಿ. ಅಲ್ಲಿ ಅದು ನಡಿಯಂಗಿಲ್ಲಂತ. ಇದು ಹೋಗಲಿಲ್ಲ."

ಚುರುಕು ಹುಡುಗಿ, ಎರಡನೇ ಸಲ ಹೇಳಬೇಕಾಗಲಿಲ್ಲ. ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು. ಹೊರಗೆ ತಾಂಡೂರಿನ ಕಲ್ಲಿನ ರಾಶಿಗಳು ಹೋಗುತ್ತಿದ್ದವು.

"ಇರ್ಲಿ ಬಿಡ್ರಿ ಮೇಡಂ. ನಿಮಗ ಸರಿ ಅನಿಸಿದ್ದು ಬರದೀರಿ."

"ತಪ್ಪು ಬರದೀರಿ ಅನ್ನು, ಅಂಬಿಕಾ."

"ಹಂಗ ಹೆಂಗ ಅನ್ನಲಿರಿ."

ಅನ್ನಲಿ ಎಂದು ಸೇಡಂ ಬರುವವರೆಗೂ ಕಾದೆ. ಗಾಡಿ ನಿಂತಾಗ ಅವಳು ತನ್ನ ಚೀಲದ ಜೊತೆ ನನ್ನದನ್ನೂ ಎತ್ತಿಕೊಂಡು, ಎಂದಿನಂತೆ ನನಗಿಂತ ಒಂದು ಹೆಜ್ಜೆ ಹಿಂದೆ ಬಂದಳು. ಗೇಟಿನ ಹತ್ತಿರ ಅವಳಪ್ಪ ಗಿರಣಿ ಮುಚ್ಚಿ ಬಂದು ನಿಂತಿದ್ದರು.

"ಹೆಂಗಾತವ್ವಾ?" ಎಂದು ಮಗಳನ್ನು ಕೇಳಿದರು.

ಅವಳು ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ನಾನು ಹೇಳಲಿ ಎಂದು ಸುಮ್ಮನೆ ನಿಂತಳು.